ನಾಲ್ಕನೇ ಜ್ವರ

ಆ ಕೋಣೆಯ ಗೋಡೆಗಳು ತಿಳಿ ಹಸಿರಾಗಿದ್ದವು ಎಂದು ಬರೆಯಲು ಹೊರಟವನು ನಿಲ್ಲಿಸಿದ್ದೇನೆ. ಮೇಜಿನ ಆಚೆ ಸಂದರ್ಶಕರು, ಈಚೆ ನನ್ನ ವಿದ್ಯಾರ್ಥಿನಿ ಪಾವನಿ, ನಡುವೆ ಒಂದು ಸ್ಯಾನಿಟೈಸರ್ ಬಾಟಲಿ. ಇಷ್ಟು ಸ್ಪಷ್ಟವಾಗಿ ಕಾಣುವ ಈ ದೃಶ್ಯವನ್ನು ನಾನು ನೋಡಿಯೇ ಇಲ್ಲ. ಆ ಹೊತ್ತಿನಲ್ಲಿ ನಾನು ಕಾರ್ಖಾನೆಯ ಗೇಟಿನ ಹೊರಗೆ, ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಹೇಳಿ ಹೇಳಿ ಈ ಕತೆಗೆ ಗೋಡೆ ಬಂದಿದೆ, ಗೋಡೆಗೆ ಬಣ್ಣ ಬಂದಿದೆ. ಮುಂದಿನದನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು.

ಖಚಿತವಾಗಿ ಹೇಳಬಹುದಾದದ್ದು ಇಷ್ಟು. ಕೊರೊನಾ ಇಳಿದ ಮರುವರ್ಷ ನಾನು ಚಿಕ್ಕಬಳ್ಳಾಪುರದ ಒಂದು ತರಬೇತಿ ಕೇಂದ್ರದಲ್ಲಿ ಪ್ಲೇಸ್‌ಮೆಂಟ್ ಅಧಿಕಾರಿಯಾಗಿದ್ದೆ. ಸುತ್ತಲ ತಾಲ್ಲೂಕುಗಳಿಂದ ಬರುವ ಪದವೀಧರರಿಗೆ, ಕೆಲಸದ ಸಂದರ್ಶನದಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರಿಸುವುದನ್ನು ಕಲಿಸಬೇಕು. ನಿಮ್ಮ ಬಗ್ಗೆ ಹೇಳಿ. ನಿಮ್ಮ ದೌರ್ಬಲ್ಯವೇನು? ಈ ಕೆಲಸವೇ ಯಾಕೆ ಬೇಕು? ಯೂಟ್ಯೂಬ್ ನೋಡಿಕೊಂಡು ಬಂದವರೆಲ್ಲರಿಗೂ ಒಂದೇ ದೌರ್ಬಲ್ಯವಿತ್ತು: 'ನಾನು ಪರ್ಫೆಕ್ಷನಿಸ್ಟ್.' ಆ ಪದವನ್ನು ಹೇಳುವಷ್ಟರಲ್ಲೇ ಅರ್ಧ ಜನ ತಡವರಿಸುತ್ತಿದ್ದರು.

ಪಾವನಿ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಕಡೆಯವಳು. ಬಿ.ಎಸ್ಸಿ. ಮುಗಿಸಿದ್ದಳು. ಮನೆಯಲ್ಲಿ ರೇಷ್ಮೆ ಹುಳು ಸಾಕಣೆ. ತಾಯಿಗೆ ಉಬ್ಬಸ. ಹುಳುಮನೆಯ ದೂಳು ಎದೆಗೆ ಆಗುತ್ತಿಲ್ಲ, ಒಳಗೆ ಹೋಗಲೇಬಾರದು ಎಂದು ಡಾಕ್ಟರು ಹೇಳಿಯಾಗಿತ್ತು. ತಾಯಿ ಹೋಗುತ್ತಲೇ ಇದ್ದರು. "ನಂಗೊಂದು ಕೆಲ್ಸ ಸಿಕ್ಕುದ್ರೆ ಹುಳ ಮೇಯ್ಸೋದೇ ನಿಲ್ಲಿಸ್ಬಿಡ್ತೀವಿ ಸರ್," ಎಂದು ಮೊದಲ ದಿನವೇ ಹೇಳಿದ್ದಳು. ಗೌರಿಬಿದನೂರಿನ ಬಳಿ ಒಂದು ಔಷಧಿ ಕಾರ್ಖಾನೆ ಕ್ವಾಲಿಟಿ ವಿಭಾಗಕ್ಕೆ ಜನ ತೆಗೆದುಕೊಳ್ಳುವುದಿತ್ತು. ಅವಳ ಕಣ್ಣು ಅದರ ಮೇಲೆ.

ಅಣಕು ಸಂದರ್ಶನದಲ್ಲಿ ನಾನು ಕೇಳಿದೆ: "ನೀವು ಎದುರಿಸಿದ ಒಂದು ಕಷ್ಟದ ಸಂದರ್ಭ ಹೇಳಿ."

"ಅಂಥದ್ದೇನೂ ಇಲ್ಲ ಸರ್."

ಹಿಂದಿನ ಬೆಂಚಿನಿಂದ ಚಿಂತಾಮಣಿಯ ಇಮ್ತಿಯಾಜ್, "ಈ ಕ್ಲಾಸೇ ಕಷ್ಟದ ಸಂದರ್ಭ ಅನ್ನಮ್ಮ, ಸರ್ ಬೇಜಾರು ಮಾಡ್ಕೊಳಲ್ಲ," ಎಂದ.

"ಊರ್ಕೋ ರಾ," ಎಂದು ಅವಳು ತೆಲುಗಿನಲ್ಲಿ ಅವನ ಬಾಯಿ ಮುಚ್ಚಿಸಿದಳು. ಆಮೇಲೆ, ನಗು ಇಳಿಯುವ ಮೊದಲೇ, ನನ್ನ ಕಡೆ ತಿರುಗಿದಳು. "ಒಂದ್ಸಲ ನಾಲ್ಕನೇ ಜ್ವರ ಎದ್ದಿದ್ವು ಸರ್. ಅಮ್ಮಂಗೆ ಉಸ್ರೇ ಆಡ್ತಿರ್ಲಿಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋದ್ರು. ನಾನೊಬ್ಳೇ. ಒಂದು ತಟ್ಟೇಲಿ ಹುಳ ಯಾಕೋ ಸಪ್ಪಗವೆ ಅನ್ನಿಸ್ತು. ಆ ತಟ್ಟೆ ತೆಗ್ದು ಆಚೆ ಇಟ್ಟು, ಕೈ ತೊಳ್ಕೊಂಡು ಬಂದು ಮಿಕ್ಕಿದ್ದಕ್ಕೆ ಸೊಪ್ಪು ಹಾಕ್ದೆ. ಅಷ್ಟೂ ಬೆಳೆ ಉಳೀತು."

ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇಯುವುದನ್ನು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂತು, ಪೊರೆ ಕಳಚುತ್ತದೆ. ಇದಕ್ಕೆ ಇಲ್ಲಿನ ಮಾತು ಜ್ವರ. ಹುಳು ಜ್ವರಕ್ಕೆ ಕೂರುತ್ತದೆ, ಜ್ವರದಿಂದ ಏಳುತ್ತದೆ. ನಾಲ್ಕನೆಯದರಿಂದ ಎದ್ದ ಮೇಲೆ ಅದರ ಹಸಿವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಜ್ವರ ಎಂದರೆ ಕಾಯಿಲೆಯಲ್ಲ.

ಅವಳ ಉತ್ತರ ಕೇಳಿ ನನಗೆ ಎದ್ದು ನಿಲ್ಲುವಷ್ಟು ಸಂತೋಷವಾಯಿತು. ಕೆಟ್ಟದ್ದನ್ನು ಮೊದಲೇ ಗುರುತಿಸಿ ಬೇರೆ ಮಾಡುವುದು. ಕ್ವಾಲಿಟಿ ವಿಭಾಗದ ಕೆಲಸವೇ ಅದು. "ಇದನ್ನೇ ಹೇಳಮ್ಮ. ಬಾಯಿಪಾಠ ಬೇಡ. ಮನೇಲಿ ಹೇಗೆ ಹೇಳ್ತೀಯೋ ಹಾಗೇ ಹೇಳು," ಎಂದೆ. ಹೀಗೆಂದೆ ಎಂದು ನನ್ನ ನೆನಪು. ಈ ಮಾತಿಗೆ ಆಮೇಲೆ ಬರುತ್ತೇನೆ.

ಸಂದರ್ಶನದ ದಿನ ಕೆಲವರನ್ನು ಕರೆದುಕೊಂಡು ಬಸ್ಸಿನಲ್ಲಿ ಗೌರಿಬಿದನೂರಿಗೆ ಹೋದೆ. ಎಲ್ಲರ ಮಾಸ್ಕೂ ಇನ್ನೂ ಜೇಬಿನಲ್ಲೇ ಇದ್ದ ಕಾಲ ಅದು. ಯಾರಾದರೂ ಕೆಮ್ಮಿದರೆ ಪಕ್ಕದವರು ಸರಿದು ಕೂರುತ್ತಿದ್ದರು. ಪಾವನಿ ಗೇಟಿನಿಂದ ಹೊರಬಂದಾಗ ಮುಖ ಅರಳಿತ್ತು.

"ಚೆನ್ನಾಗಾಯ್ತು ಸರ್. ಹುಳದ್ದೂ ಹೇಳ್ದೆ. ಎಷ್ಟು ಒಳ್ಳೇವ್ರು ಗೊತ್ತಾ? ಮನೇಲೆಲ್ಲಾ ಈಗ ಹೆಂಗವ್ರೆ, ಹುಷಾರಾಗವ್ರಾ ಅಂತೆಲ್ಲಾ ಕೇಳಿದ್ರು."

ಇಮ್ತಿಯಾಜ್ ಟೀ ಲೋಟ ಕೆಳಗಿಟ್ಟ. "ನಮ್ಮನೇವ್ರನ್ನ ಯಾರೂ ವಿಚಾರಿಸ್ಲೇ ಇಲ್ವಲ್ಲಮ್ಮ! ನಿಂಗೆ ಕೆಲ್ಸ ಗ್ಯಾರಂಟಿ, ನಂಗೆ ಬಸ್ ಚಾರ್ಜು."

ಕೆಲಸ ಸಿಕ್ಕಿದ್ದು ಇಮ್ತಿಯಾಜ್‌ಗೆ. ಪಾವನಿಯ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ನಾನು ಕಾರ್ಖಾನೆಯ ಎಚ್.ಆರ್. ಅಧಿಕಾರಿಗೆ ಫೋನ್ ಮಾಡಿದೆ. ಬೆಂಗಳೂರಿನವರು, ಸಭ್ಯರು. "ಹುಡುಗಿ ಚೆನ್ನಾಗಿ ಮಾತಾಡಿದ್ರು ಸರ್. ಆದ್ರೆ ಮನೇಲಿ ಪದೇ ಪದೇ ಜ್ವರ ಅಂದ್ರು ನೋಡಿ. ನಾಲ್ಕನೇ ಸಲವಂತೆ. ನಮ್ಮದು ಕ್ಲೀನ್ ರೂಮ್, ರಿಸ್ಕ್ ತಗೊಳ್ಳೋಕಾಗಲ್ಲ." ಕ್ಲೀನ್ ರೂಮ್ ಎಂದರೆ ದೂಳು, ಸೋಂಕು ಒಳಗೆ ಬರದಂತೆ ಕಾಪಾಡುವ ಕೋಣೆ. ನಾನು ಜ್ವರದ ಅರ್ಥ ಹೇಳಿದೆ. ಅವರು, "ಹುಳಾನಾ?" ಎಂದು ನಕ್ಕರು. ನಾನೂ ನಕ್ಕೆನೇನೋ. ಆಯ್ಕೆ ಮುಗಿದಿದೆ, ಮುಂದಿನ ಸಲ ಕಳಿಸಿ ಎಂದರು. ಮುಂದಿನ ಸಲ ಕಾರ್ಖಾನೆ ಕರೆಯುವ ಹೊತ್ತಿಗೆ ಅವರು ಕೆಲಸ ಬಿಟ್ಟಿದ್ದರು, ಪಾವನಿ ಕೇಂದ್ರಕ್ಕೆ ಬರುವುದನ್ನು ಬಿಟ್ಟಿದ್ದಳು.

ಆಮೇಲಿನ ಪ್ರತಿ ಬ್ಯಾಚಿಗೂ ಈ ಕತೆ ಹೇಳಿದೆ. ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೇಳುವವರಿಗೆ ನಿಮ್ಮ ಮಾತು ಯಾವ ಅರ್ಥದಲ್ಲಿ ತಲುಪುತ್ತದೆ ಎಂದು ಯೋಚಿಸಿ ಎಂಬುದು ಪಾಠ. ಪಾಠ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದೇ ನನಗೆ ಎಚ್ಚರಿಕೆಯಾಗಬೇಕಿತ್ತು.

ಹೋದ ವರ್ಷ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಪಾವನಿ ಸಿಕ್ಕಳು. ತೆಳ್ಳಗಾಗಿದ್ದಳು. ಕೈಯಲ್ಲಿ ಔಷಧಿ ಅಂಗಡಿಯ ಕವರು. ಅದರೊಳಗೆ ಉಬ್ಬಸದವರು ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪಿನ ಡಬ್ಬಿ ಕಾಣುತ್ತಿತ್ತು.

"ನನ್ ಜ್ವರದ ಕತೆ ಎಲ್ಲಾರ್ಗೂ ಹೇಳ್ತೀರಂತೆ ಸರ್? ಇಮ್ತಿಯಾಜ್ ಹೇಳ್ದ," ಎಂದಳು. ನಗುತ್ತಲೇ ಅಂದಳು.

ನಾನು ಏನೋ ಸಮಜಾಯಿಷಿ ಕೊಡಲು ಹೋದೆ. ಅವಳು ತಡೆದಳು. "ಆದ್ರೆ ನಾನು ಅಲ್ಲಿ ಜ್ವರ ಅಂತ ಅನ್ಲೇ ಇಲ್ಲ ಸರ್. ಪೊರೆ ಬಿಡೋದಕ್ಕೆ ಇಂಗ್ಲಿಷ್‌ನಲ್ಲಿ ಮೌಲ್ಟಿಂಗ್ ಅಂತಾರಲ್ಲ, ಹಂಗಂದೆ. ಆ ಪದ ನೀವೇ ಹೇಳ್ಕೊಟ್ಟಿದ್ದು. ಜ್ವರ ಅಂದ್ರೆ ಅವ್ರಿಗೆ ಗೊತ್ತಾಗಲ್ಲ ಅಂತ ಬೋರ್ಡ್ ಮೇಲೆ ಬರ್ದು ತೋರ್ಸಿದ್ರಿ."

ನನಗೆ ಅಂಥ ಬೋರ್ಡು ನೆನಪಿಲ್ಲ. ಮನೆಯ ಮಾತಿನಲ್ಲೇ ಹೇಳು ಎಂದದ್ದು ನೆನಪಿದೆ.

"ಮತ್ತೆ ಅವರ್ಯಾಕೆ ತಗೊಳ್ಳಲಿಲ್ಲ?" ಎಂದೆ.

"ಅಮ್ಮಂಗೆ ಉಬ್ಸ ಅಂದಿದ್ದೆ. ಅದಕ್ಕೇನೋ. ಇಲ್ಲಾಂದ್ರೆ ಇನ್ನೇನಕ್ಕೋ. ಯಾರ್ಗೊತ್ತು ಸರ್." ಸಾದಲಿಯ ಬಸ್ಸು ಬಂತು. "ಮೂರನೇ ಜ್ವರಕ್ಕೆ ಕೂತವೆ, ಏಳೋ ಹೊತ್ತಿಗೆ ಸೊಪ್ಪು ಇರ್ಬೇಕು. ಬರ್ತೀನಿ ಸರ್." ಹತ್ತಿದವಳು ಕಿಟಕಿಯ ಪಕ್ಕ ಕೂತು ಕೈಬೀಸಿದಳು.

ಅಂದಿನಿಂದ ಆ ಕತೆಯನ್ನು ತರಗತಿಯಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ಅದಕ್ಕೆ ಬದಲಾಗಿ ಇನ್ನೊಂದು ಮಾಡುತ್ತೇನೆ: ಒಬ್ಬರಿಂದ ಉತ್ತರ ಹೇಳಿಸಿದ ಮೇಲೆ, ಅದನ್ನು ಕೇಳಿಸಿಕೊಂಡ ಇನ್ನೊಬ್ಬರಿಂದ ಮತ್ತೆ ಹೇಳಿಸುತ್ತೇನೆ. ಒಂದೇ ಒಂದು ಸಲವೂ ಎರಡೂ ಒಂದೇ ಆಗಿದ್ದಿಲ್ಲ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಬಹುಶಃ ಅದೊಂದೇ.

ಪಾವನಿ ಆ ಕೋಣೆಯಲ್ಲಿ ಯಾವ ಪದ ಬಳಸಿದಳೋ ನನಗೆ ಗೊತ್ತಿಲ್ಲ. ಫೋನಿನಲ್ಲಿ ಆ ಅಧಿಕಾರಿ 'ನಾಲ್ಕನೇ' ಎಂದರೋ, ಅದನ್ನು ನಾನೇ ಸೇರಿಸಿಕೊಂಡೆನೋ, ಅದೂ ಗೊತ್ತಿಲ್ಲ. ಕವರಿನಲ್ಲಿದ್ದ ಪಂಪು ತಾಯಿಗೋ, ಅವಳಿಗೋ? ಬಸ್ಸು ಹೊರಡುವ ಮೊದಲು ಕೇಳಬಹುದಿತ್ತು. ಕೇಳಲಿಲ್ಲ.