ನವನೀತಾ ತೆಗೆದುಹಾಕಿದ ಅಂಕಿಗಳು

ನವನೀತಾ ಹೋದ ಮೇಲೂ ನಾರಾಯಣಪೇಟೆಯ ಅವಳ ಮನೆಗೆ ಹೋಗಿಬರುತ್ತೇನೆ. ಮಕ್ತಲ್‌ನ ಕಾಲೇಜಿನಲ್ಲಿ ನಾವಿಬ್ಬರೂ ಭೌತಶಾಸ್ತ್ರ ಕಲಿಸುತ್ತಿದ್ದೆವು. ಬೆಳಗಿನ ಬಸ್ಸಿನಲ್ಲಿ ಅವಳ ಮಾತೆಲ್ಲ ಗಾಜಾಗುವ ದ್ರವಗಳದ್ದೇ. ಅಂಥ ದ್ರವವನ್ನು ತಣಿಸಿದರೆ ಅಣುಗಳು ಜಾಗ ಬದಲಿಸುವುದು ನಿಧಾನವಾಗುತ್ತದೆ. ಒತ್ತಿ ಇಕ್ಕಟ್ಟು ಮಾಡಿದರೂ ಹಾಗೆಯೇ. ತಣಿಯುವಾಗ ದ್ರವ ತಾನೇ ಕುಗ್ಗುವುದರಿಂದ ಎರಡೂ ಒಟ್ಟಿಗೆ ನಡೆಯುತ್ತವೆ. ಹೆಚ್ಚು ತಡೆಯುವುದು ತಂಪೋ, ಇಕ್ಕಟ್ಟೋ? ಅದನ್ನು ಬೇರ್ಪಡಿಸಿ ನೋಡುವುದೇ ಅವಳ ಪಿಎಚ್‌.ಡಿ.

ತಾಯಿ ತಿರುಪತಮ್ಮನವರ ಮಗ್ಗದ ಪಕ್ಕದಲ್ಲೇ ಅವಳ ಕಂಪ್ಯೂಟರ್ ಇತ್ತು. ಅದರೊಳಗೆ, ಬರೀ ಲೆಕ್ಕದಲ್ಲಷ್ಟೇ ಇರುವ ದ್ರವವೊಂದನ್ನು, ಸಾಂದ್ರತೆ ಬದಲಾಗದಂತೆ ಹಿಡಿದು, ಮೆಲ್ಲಗೆ ತಣಿಸುತ್ತಿದ್ದಳು. “ನನ್ನ ಮಗ್ಗ ಸೀರಿ ಕೊಡ್ತೈತಿ, ನಿನ್ನ ಡಬ್ಬಿ ಏನ್ ಕೊಡ್ತೈತವ್ವಾ, ಕರೆಂಟ್ ಬಿಲ್ಲಾ?” ಎಂದು ತಾಯಿ ಕಾಡುತ್ತಿದ್ದರು.

ನವನೀತಾಳಿಗಿದ್ದ ಕ್ಯಾನ್ಸರ್ ಲಿವರ್‌ಗೆ ಹರಡಿದೆ ಎಂದು ಗೊತ್ತಾದಾಗ ಪ್ರಬಂಧ ಬಹುತೇಕ ಮುಗಿದಿತ್ತು. ಮಗಳ ಹೆಸರಿನ ಮುಂದೆ ಡಾಕ್ಟರ್ ಎಂದಿರುವುದನ್ನು ಅವಳಿರುವಾಗಲೇ ನೋಡಬೇಕೆಂಬುದೊಂದೇ ತಾಯಿಗೆ ಉಳಿದ ಆಸೆ. ಆ ವಾರವೇ ನವನೀತಾ ಎಲ್ಲಕ್ಕಿಂತ ತಣ್ಣಗಿನ ದ್ರವವನ್ನು ಇನ್ನೊಮ್ಮೆ ಅಳೆದಳು. ಅದು ಮೊದಲಿಗಿಂತ ನಿಧಾನವಾಗಿತ್ತು. ಅಂದರೆ ಮೊದಲ ಸಲ ಅದು ನೆಲೆಗೊಳ್ಳುವ ಮುನ್ನವೇ ಅಳೆದುಬಿಟ್ಟಿದ್ದಳು. ಪ್ರಬಂಧದ ತೀರ್ಮಾನ ನಿಂತಿದ್ದು ಆ ಮೊದಲ ಅಳತೆಯ ಅಂಕಿಗಳ ಮೇಲೆಯೇ.

ಹಾಗೇ ಕೊಟ್ಟಿದ್ದರೆ ಬಹುಶಃ ಯಾರೂ ಹಿಡಿಯುತ್ತಿರಲಿಲ್ಲ. ಆದರೆ ಮರುದಿನ ಅವಳು ತಾಯಿಯ ಮಗ್ಗದ ಬಳಿ ಹೋಗಿ, “ಯವ್ವಾ, ಹಸಿ ಹಾಸು ಸುತ್ತಿಬಿಟ್ಟೀನಿ,” ಎಂದಳು.

ಗಂಜಿ ಹಚ್ಚಿದ ಹಾಸಿನ ನೂಲು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿದ್ದಾಗ ಸುತ್ತಿದರೆ, ಎಳೆಗಳು ಅಂಟಿಕೊಂಡು ನೇಯುವಾಗ ತುಂಡಾಗುತ್ತವೆ. ತಿರುಪತಮ್ಮ ಕೈಯಲ್ಲಿದ್ದ ಲಾಳಿ ಕೆಳಗಿಟ್ಟರು.

“ಮತ್ತ ಒಣಗಾಕ ಬಿಟ್ರ ಎಷ್ಟ್ ದಿನಾ?”

“ನನಗ ಇರೋದಕ್ಕಿಂತ ಹೆಚ್ಚು.”

ತಾಯಿ, “ಬಿಚ್ಚು,” ಎಂದರು.

ಆ ಅಂಕಿಗಳನ್ನು ತೆಗೆದುಹಾಕಿ, ನವನೀತಾ ಲೆಕ್ಕವನ್ನು ಮತ್ತೆ ಹಚ್ಚಿದಳು. ಹಿಂದಿನ ಅಳತೆ, ಮುಂದಿನ ಅಳತೆ ಒಂದೇ ಬರುವವರೆಗೆ ಕಾಯಬೇಕು ಎಂದು ನನಗೂ ತೋರಿಸಿಕೊಟ್ಟಳು. ಕಡೆಕಡೆಗೆ ಎದ್ದು ಕೂರಲಾಗದೆ, ಹಾಸಿಗೆಯಿಂದಲೇ ಪರದೆ ನೋಡುತ್ತಿದ್ದಳು. ಶ್ರಾವಣದಲ್ಲಿ ತೀರಿಕೊಂಡಳು.

ಅವಳು ಹಚ್ಚಿದ್ದ ಲೆಕ್ಕದ ಒಂದು ಸುತ್ತು ಮುಗಿದದ್ದು ದೀಪಾವಳಿ ಆದ ಮೇಲೆ. ಹೋಗಿ ಅವಳು ಹೇಳಿಕೊಟ್ಟಂತೆ ಎರಡು ಅಳತೆಗಳನ್ನು ಹೋಲಿಸಿದೆ. ಒಂದೇ ಬಂದಿರಲಿಲ್ಲ. ದ್ರವ ಇನ್ನೂ ನೆಲೆಗೊಂಡಿಲ್ಲ, ಲೆಕ್ಕ ಇನ್ನೂ ಓಡಬೇಕು ಎಂದೆ.

“ಇಷ್ಟ್ ದಿನಾ ಹಿಡೀತೈತಂತ ಆಕಿಗೆ ಗೊತ್ತಿತ್ತೇನು?” ಎಂದು ತಿರುಪತಮ್ಮ ಕೇಳಿದರು.

ಗೊತ್ತಿತ್ತು ಎಂದೆ.

“ಹಂಗಾದ್ರ ಡಬ್ಬಿ ಬಂದ್ ಮಾಡಬ್ಯಾಡವ್ವಾ.”