ಪೆಟ್ಟಿಗೆಯ ಎತ್ತರ

ಹಲ್ಲಿನ ಸೆಟ್ಟು ಕಟ್ಟುವುದು ಅವರ ಕಸುಬು. ಬಾಯಿಗಳು ಅವರ ಮೇಜಿಗೆ ಬರುತ್ತಿದ್ದವು, ಮುಖಗಳು ಬರುತ್ತಿರಲಿಲ್ಲ. ವೈದ್ಯರು ಕಳಿಸಿದ ಅಚ್ಚಿನ ಮೇಲೆ ಹಲ್ಲು ಜೋಡಿಸಿ, ಉಜ್ಜಿ, ಡಬ್ಬಿಗೆ ಹಾಕಿ ವಾಪಸು ಕಳಿಸಿದರೆ ಮುಗಿಯಿತು. ಸಂಜೆ ಅದೇ ಚಿಮುಟ, ಅದೇ ಭೂತಗನ್ನಡಿ ಮನೆಯಲ್ಲಿ ಮಾದರಿ ಹಡಗಿನ ಕೆಲಸಕ್ಕೆ ಕೂರುತ್ತಿದ್ದವು.

ಅದು ಯುದ್ಧಕಾಲದ ಒಂದು ಡೆಸ್ಟ್ರಾಯರ್. ಸಪೂರ ಮೈಯ, ವೇಗದ ಯುದ್ಧನೌಕೆ. ಮೊಳದುದ್ದದ ಮಾದರಿಯಲ್ಲಿ ಹಗ್ಗ ಸುತ್ತುವ ಗೂಟಗಳು, ಗಾಳಿಕೊಳವೆಗಳು, ಕಟಕಟೆ ಎಲ್ಲ ಕೂತಿದ್ದವು. ಉಳಿದದ್ದು ಹಿಂಬದಿ ಫಿರಂಗಿಯ ಪಕ್ಕದ ಮದ್ದುಗುಂಡಿನ ಪೆಟ್ಟಿಗೆ. ನಕ್ಷೆಯಲ್ಲಿ ಅದಿರಲಿಲ್ಲ; ಅಂಥ ಚಿಲ್ಲರೆ ಸಾಮಾನನ್ನು ಹಡಗು ಕಟ್ಟುವವರು ಜಾಗ ಸಿಕ್ಕಲ್ಲಿ ಕೂರಿಸಿಬಿಡುತ್ತಿದ್ದರು. ಇವರೂ ಅಂದಾಜಿಗೆ ಮಾಡಬಹುದಿತ್ತು. ಆದರೆ ಅಂದಾಜಿನ ಹಲ್ಲು ಒಸಡು ಕೊರೆಯುತ್ತದೆಂದು ಬಲ್ಲ ಕೈ ಅದು, ಒಪ್ಪಲಿಲ್ಲ.

"ಆ ಹಡಗು ನೀರಿಗೆ ಇಳಿಯಲ್ಲ, ನೀನು ಮನೆಯಿಂದ ಇಳಿಯಲ್ಲ. ಒಳ್ಳೇ ಜೋಡಿ ಕಣೋ," ಎಂದು ಅಕ್ಕ ಫೋನಿನಲ್ಲಿ ಛೇಡಿಸುತ್ತಿದ್ದಳು. ಫೋನ್ ಇಟ್ಟ ಮೇಲೆ ಮನೆ ಇನ್ನಷ್ಟು ದೊಡ್ಡದಾಗುತ್ತಿತ್ತು.

ಕೊನೆಗೆ ಸಂಗ್ರಹಾಲಯದಲ್ಲಿ ಒಂದು ಫೋಟೋ ಸಿಕ್ಕಿತು. ಪೆಟ್ಟಿಗೆಯ ಪಕ್ಕ ಒಬ್ಬ ನಾವಿಕ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ. ಪೆಟ್ಟಿಗೆ ಅವನ ಸೊಂಟಕ್ಕಿಂತ ತುಸು ಕೆಳಗಿತ್ತು. ಅವನ ಎತ್ತರ ತಿಳಿದರೆ ಪೆಟ್ಟಿಗೆಯದೂ ತಿಳಿದಂತೆ. ಹಡಗಿನೊಂದಿಗೆ ಮುಳುಗಿದವನು ಅವನು, ಫೋಟೋ ಕೊಟ್ಟದ್ದು ಇದೇ ಊರಿನಲ್ಲಿರುವ ಅವನ ತಂಗಿ ಎಂದು ಅಲ್ಲಿಯ ಗುಮಾಸ್ತರು ತಿಳಿಸಿದರು.

ಬಾಗಿಲು ತೆರೆದ ಮುದುಕಿ, ಅಣ್ಣನ ಎತ್ತರ ಎಷ್ಟೆಂಬ ಪ್ರಶ್ನೆ ಕೇಳಿಸಿಕೊಂಡು ಇವರನ್ನು ಒಳಗೆ ಕರೆದರು.

"ಹೇಗೆ ಸತ್ತ ಅಂತ ಎಲ್ಲರೂ ಕೇಳ್ತಾರೆ. ಎಷ್ಟೆತ್ತರ ಇದ್ದ ಅಂತ ಯಾರೂ ಕೇಳಿರಲಿಲ್ಲ."

ತಾನು ಆಗ ಅಣ್ಣನ ಭುಜಕ್ಕೆ ಬರುತ್ತಿದ್ದೆ, ಈಗ ಕುಗ್ಗಿ ಹೋಗಿದ್ದೇನೆ, ತನ್ನನ್ನು ನಂಬಿ ಅಳೆಯಬೇಡಿ ಎಂದರು. ಬಾಗಿಲನ್ನು ನಂಬಬಹುದಂತೆ. ಈ ಕೋಣೆಗೆ ಬರುವಾಗ ಅವನು ಬಗ್ಗುತ್ತಿರಲಿಲ್ಲ, ಕೂದಲು ಮಾತ್ರ ಮೇಲಿನ ಚೌಕಟ್ಟನ್ನು ಸವರುತ್ತಿತ್ತು. ಇವರು ಟೇಪು ಬಿಚ್ಚಿ ಅಳೆದರು. ಬಂದ ಕೆಲಸ ಆಯಿತು.

"ಒಂದ್ಸಲ ಹೊರಗೆ ಹೋಗಿ ಒಳಗೆ ಬನ್ನಿ," ಎಂದರು ಮುದುಕಿ, ಕುರ್ಚಿಯಲ್ಲಿ ಕೂತು.

ಹೋಗಿ ಬಂದರು. ತಮಗಾಗಿ ಯಾರೋ ಬಾಗಿಲು ನೋಡುತ್ತ ಕೂತಿರುವ ಕೋಣೆಯೊಳಕ್ಕೆ ಅವರು ಕಾಲಿಟ್ಟು ಎಷ್ಟು ಕಾಲವಾಗಿತ್ತೋ. ಮುದುಕಿಯ ಕಣ್ಣು ಅವರ ಮುಖದ ಮೇಲಿರಲಿಲ್ಲ, ತಲೆಯ ಮೇಲಿನ ಖಾಲಿ ಜಾಗದಲ್ಲಿತ್ತು.

"ನಾಲ್ಕು ಬೆರಳು ಗಿಡ್ಡ ನೀವು," ಎಂದು ನಕ್ಕರು.

ಪೆಟ್ಟಿಗೆ ಎಳ್ಳು ಕಾಳಿನಷ್ಟಾಯಿತು. ಅದನ್ನು ಕೂರಿಸಿ, ಬಣ್ಣ ಒಣಗಿದ ಮೇಲೆ ಹಡಗನ್ನು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಮತ್ತೆ ಆ ಮನೆಗೆ ಹೋದರು. ಅಳತೆ ಸರಿಯಾಗಿದೆ ಎಂದು ಮುದುಕಿಯ ಬಾಯಿಂದ ಕೇಳಬೇಕಿತ್ತು. ಇವರು ಕೊಟ್ಟ ಭೂತಗನ್ನಡಿ ಹಿಡಿದು ಮುದುಕಿ ಬಾಗಿದರು.

"ಅಣ್ಣ ನಿಂತಿದ್ದು ಎಲ್ಲಿ?"

ಇವರು ಜೇಬಿನ ಚಿಮುಟ ತೆಗೆದು, ಅದರ ತುದಿಯಿಂದ ಪೆಟ್ಟಿಗೆಯ ಪಕ್ಕದ ಜಾಗ ತೋರಿಸಿದರು. ಹಡಗಿನ ಮೇಲೆ ಮನುಷ್ಯರನ್ನು ಅವರು ಎಂದೂ ನಿಲ್ಲಿಸಿದವರಲ್ಲ; ಆಟದ ಸಾಮಾನಿನಂತೆ ಕಾಣುತ್ತದೆಂದು.

ಮುದುಕಿ ಬಹಳ ಹೊತ್ತು ನೋಡಿದರು.

"ಪೆಟ್ಟಿಗೆ ಇದೆ, ಅವನಿಲ್ಲ. ಸರಿಯಾಗೇ ಮಾಡಿದ್ದೀರಿ."

ಕೇಳಲು ಬಂದ ಮಾತೇ ಅದು. ಇವರು ಹಡಗನ್ನು ಡಬ್ಬಿಗಿಳಿಸಿ ಎದೆಗವಚಿಕೊಂಡು ಎದ್ದರು. ಚೌಕಟ್ಟು ತಗಲುವುದಿಲ್ಲವೆಂದು ಗೊತ್ತಿದ್ದೂ ಬಾಗಿಲಲ್ಲಿ ತಲೆ ತಗ್ಗಿಸಿದರು.