ನನ್ನ ನಂಬರಿಗೆ ಅವರ ಹಲೋ

ನನ್ನ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ, ಯಾವಾಗ ಫೋನ್ ಮಾಡಿದರೂ ಎತ್ತುತ್ತಾರೆ. ಲಗ್ಗೆರೆಯಲ್ಲಿ ಅವರದೊಂದು ಪೌಡರ್ ಕೋಟಿಂಗ್ ಶೆಡ್ಡಿದೆ. ಗೇಟು, ಗ್ರಿಲ್ಲುಗಳಿಗೆ ಬಣ್ಣದ ಪುಡಿ ಹೊಡೆದು ದೊಡ್ಡ ಓವನ್ನಿನಲ್ಲಿ ಬೇಯಿಸುವ ಕೆಲಸ. ಕಂಪ್ರೆಸರ್ ಬಡಿದುಕೊಳ್ಳುತ್ತಿರುತ್ತದೆ, ಕೈತುಂಬ ಬಣ್ಣವಿರುತ್ತದೆ, ಆದರೂ ಎರಡನೇ ರಿಂಗಿಗೆ ‘ಅಲೋ, ಏನ್ ಸಮಾಚಾರ?’ ಎಂಬ ದನಿ ಕೇಳುತ್ತದೆ. ನಮ್ಮ ಎರಡೂ ಮನೆಗಳಲ್ಲಿ ಇದು ಅವರ ದೊಡ್ಡ ಗುಣವೆಂದು ಹೆಸರಾಗಿದೆ. ಆ ಗುಣವನ್ನು ಹೊಗಳುವಾಗ ಹೋಲಿಕೆಗೆ ಬೇಕಾಗುವವನು ನಾನು. ನಾನು ಸಿಗುವುದಿಲ್ಲ.

ಸಿಗದಿರುವುದು ನನ್ನ ಕೆಲಸದ ಭಾಗ. ಪೀಣ್ಯದ ಒಂದು ಪರೀಕ್ಷಾ ಲ್ಯಾಬಿನಲ್ಲಿ, ಯಂತ್ರಗಳು ಎಷ್ಟು ರೇಡಿಯೋ ಅಲೆ ಹೊರಬಿಡುತ್ತವೆಂದು ಅಳೆಯುವವನು ನಾನು. ಅದಕ್ಕಾಗಿ ಹೊರಗಿನ ಯಾವ ಅಲೆಯೂ ಒಳಗೆ ಬಾರದಂಥ ಕೋಣೆಯೊಂದನ್ನು ಕಟ್ಟಿದ್ದಾರೆ. ಉಕ್ಕಿನ ಗೋಡೆ, ಒಳಗೆಲ್ಲ ಮುಳ್ಳಿನಂತೆ ಚಾಚಿಕೊಂಡ ಕಪ್ಪು ಫೋಮು. ಫೋನನ್ನು ಆಫ್ ಮಾಡಿ ಹೊರಗಿನ ಲಾಕರಿನಲ್ಲಿಟ್ಟು ಹೋಗಬೇಕು. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ವರ್ಷಗಟ್ಟಲೆ ಬೇರೊಂದು ಕಂಪನಿಯಲ್ಲಿ ಮೇಜಿನ ಮುಂದೆ ಕೂತಿದ್ದವನು ಈ ಕೋಣೆಗೆ ಬಂದದ್ದು ಕಳೆದ ವರ್ಷ. ಅಂದಿನಿಂದ ಹಗಲಿನ ಬಹುಪಾಲು ನಾನು ಜಗತ್ತಿಗೆ ಇಲ್ಲ.

ಅದೇ ಒಂದು ವರ್ಷದಿಂದ ನನ್ನ ಹೊಟ್ಟೆಯೂ ಉರಿಯತೊಡಗಿತ್ತು. ಸರ್ಜಾಪುರದಲ್ಲಿ ಭಾವಮೈದುನನ ಜೊತೆಗಿರುವ ಅತ್ತೆಗೆ ಕಣ್ಣಿನ ಡಾಕ್ಟರು ಏನೆಂದರು, ಅಲ್ಲಿಯ ಮಗುವಿನ ನಾಮಕರಣ ಯಾವತ್ತು, ಎಲ್ಲವೂ ಮೊದಲು ಷಡ್ಡಕರಿಗೆ ಗೊತ್ತಾಗುತ್ತಿತ್ತು. ಸಂಜೆ ಅವರು ನನಗೆ ಫೋನ್ ಮಾಡುವರು.

“ಏನಯ್ಯಾ ಸೈಂಟಿಸ್ಟು, ಅತ್ತೆ ಫೋನ್ ಮಾಡಿದ್ರು. ನಿಂಗೂ ಹೇಳು ಅಂದ್ರು.”

ಆ ‘ನಿಂಗೂ’ ಎಂಬ ಮಾತು ರಾತ್ರಿ ಊಟದವರೆಗೂ ನನ್ನ ಕಿವಿಯಲ್ಲಿ ಇರುತ್ತಿತ್ತು. ಇಡೀ ಮನೆಯವರು ಮೊದಲು ಅವರಿಗೇ ಹೇಳಬೇಕೆಂದು ಒಳಗೊಳಗೇ ತೀರ್ಮಾನಿಸಿಕೊಂಡಿದ್ದಾರೆ ಎಂದೇ ನಾನು ನಂಬಿದ್ದೆ.

ಒಂದು ಭಾನುವಾರ ಅವರ ಮನೆಯಲ್ಲಿ ಊಟ. ನನ್ನ ಮಗಳು ದೊಡ್ಡಮ್ಮನ ಜೊತೆ ಟೆರೇಸಿನ ಮೇಲೆ ಬಟ್ಟೆ ತೆಗೆಯುತ್ತಿದ್ದಳು. ಅವಳು ಸರ್ಜಾಪುರದ ಕಡೆ ಇಂಜಿನಿಯರಿಂಗ್ ಮೊದಲ ವರ್ಷ ಓದುತ್ತಾಳೆ, ಅಲ್ಲೇ ಒಂದು ಪಿಜಿಯಲ್ಲಿದ್ದು ಶನಿವಾರ ಮನೆಗೆ ಬರುತ್ತಾಳೆ. ಷಡ್ಡಕರು ಸಾರು ಬಡಿಸಿಕೊಳ್ಳುತ್ತ ಕೇಳಿದರು:

“ಮಗು ಈಗ ಎಂಗವ್ಳೆ? ಅವತ್ತು ಬೋ ಅತ್ಬಿಟ್ಲು ಕಣಯ್ಯಾ.”

“ಯಾವತ್ತು?”

“ಅದೇ, ಕ್ಲಾಸಲ್ಲಿ ಸೆಮಿನಾರ್ ಕೊಡೋವಾಗ ಮಾತು ನಿಂತೋಯ್ತಂತಲ್ಲ. ಉಡುಗ್ರೆಲ್ಲಾ ನಕ್ರಂತೆ. ಕಾಲೇಜೇ ಬಿಟ್ಬಿಡ್ತೀನಿ ಅಂತ ಕೂತಿದ್ಲು. ನಾನು ಶೆಡ್ಡು ಬಿಟ್ಟು ಅಲ್ಲೀಗಂಟ ಓಗಿ, ದೋಸೆ ಕೊಡ್ಸಿ, ಸಮಾಧಾನ ಮಾಡಿ ಬಂದೆ. ಯಾಕೆ, ನಿಂಗ್ ಯೋಳ್ಲಿಲ್ವಾ?”

ಹೇಳಿದ್ದಳು ಎಂದು ನಾನು ಸುಳ್ಳು ಹೇಳಿದೆ. ಲಗ್ಗೆರೆಯಿಂದ ಸರ್ಜಾಪುರಕ್ಕೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಆ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಓಡಿಸಿಕೊಂಡು ಹೋಗಿ ನನ್ನ ಮಗಳ ಎದುರು ಕೂತು ದೋಸೆ ತಿಂದ ಮನುಷ್ಯ ನನ್ನ ತಟ್ಟೆಗೆ ತುಪ್ಪ ಬಡಿಸುತ್ತಿದ್ದರು. ನನಗೆ ಕೃತಜ್ಞತೆ ಹುಟ್ಟಲಿಲ್ಲ. ಅವಳು ಅತ್ತದ್ದು ಅವರ ಎದುರಲ್ಲ ಎಂದಾಗಲಿ, ಅವರು ದೋಸೆಯ ವಿಷಯವನ್ನು ಸ್ವಲ್ಪ ಉಬ್ಬಿಸಿ ಹೇಳುತ್ತಿದ್ದಾರೆ ಎಂದಾಗಲಿ ಯಾರಾದರೂ ಹೇಳಬಾರದೇ ಅನ್ನಿಸಿತು.

ಮನೆಗೆ ಬರುವಾಗ ಕ್ಯಾಬಿನಲ್ಲಿ ಮಗಳನ್ನು ಕೇಳಿದೆ. “ನನಗ್ಯಾಕೆ ಫೋನ್ ಮಾಡ್ಲಿಲ್ಲ?”

“ನಿಂಗೇ ಮಾಡಿದ್ದಪ್ಪಾ. ದೊಡ್ಡಪ್ಪ ಎತ್ಕೊಂಡ್ರು. ಹಗಲಲ್ಲಿ ನಿಂಗೆ ಮಾಡಿದ್ರೆ ಯಾವಾಗ್ಲೂ ಅವರೇ ತಾನೇ ಎತ್ತೋದು?” ಆಮೇಲೆ ಕಿಟಕಿಯ ಕಡೆ ನೋಡುತ್ತ ಅಂದಳು, “ಅವ್ರು ನಿಂಗೆ ಹೇಳಿರ್ತಾರೆ ಅಂದ್ಕೊಂಡೆ. ಗೊತ್ತಿದ್ರೂ ನೀನು ಏನೂ ಕೇಳ್ಲಿಲ್ವಲ್ಲಾ ಅಂತ ಸ್ವಲ್ಪ ಬೇಜಾರಾಗಿತ್ತು.”

ಹೆಂಡತಿ ಮುಂದಿನ ಸೀಟಿನಿಂದ ತಿರುಗಿ, “ನಂಗೂ ಭಾವನೇ ಸಿಗ್ತಾರೆ. ಲ್ಯಾಬಲ್ಲಿ ಇರ್ತೀರಲ್ಲ, ನೀವೇ ಹಾಗೆ ಇಡಿಸ್ಕೊಂಡಿದೀರ ಅಂದ್ಕೊಂಡೆ,” ಅಂದಳು.

ಮನೆಗೆ ಬಂದವನೇ ಫೋನಿನಲ್ಲಿ ನಕ್ಷತ್ರ, ಹ್ಯಾಶ್, ಅರವತ್ತೆರಡು, ಹ್ಯಾಶ್ ಒತ್ತಿದೆ. ಫೋನ್ ಆಫ್ ಆಗಿದ್ದಾಗ ಕರೆಗಳು ಎಲ್ಲಿಗೆ ಹೋಗುತ್ತವೆಂದು ಅದು ತೋರಿಸುತ್ತದೆ. ಪರದೆಯ ಮೇಲೆ ಷಡ್ಡಕರ ನಂಬರು ಮೂಡಿತು. ಈ ವ್ಯವಸ್ಥೆ ಇರುವುದು ಫೋನಿನಲ್ಲಲ್ಲ, ನೆಟ್‌ವರ್ಕಿನಲ್ಲಿ. ಹಾಗಾಗಿ ನಡುವೆ ನಾನು ಫೋನ್ ಬದಲಾಯಿಸಿದರೂ ಅದು ಅಳಿಸಿರಲಿಲ್ಲ. ಹಳೆಯ ಆಫೀಸಿನಲ್ಲಿ ಫೋನ್ ಆಫ್ ಮಾಡುವ ಪ್ರಸಂಗವೇ ಇರದಿದ್ದುದರಿಂದ ಸುಮ್ಮನೆ ಮಲಗಿತ್ತು. ಉಕ್ಕಿನ ಕೋಣೆಗೆ ಹೋದ ಮೇಲೆ ಎದ್ದು ಕೂತಿತ್ತು.

ಅದನ್ನು ಹಾಕಿದವರು ಯಾರು? ಷಡ್ಡಕರಿಗೇ ಫೋನ್ ಮಾಡಿ ಕೇಳಿದೆ.

“ನೀನೇ ಕಣಯ್ಯಾ! ಮಾವನ ಆಪರೇಷನ್ ಟೈಮಲ್ಲಿ, ಆಸ್ಪತ್ರೆ ಕ್ಯಾಂಟೀನಲ್ಲಿ ಕೂತ್ಕೊಂಡು ನನ್ ಕಣ್ಮುಂದೆನೇ ಒತ್ತಿದೆ. ಚಾರ್ಜ್ ನಿಲ್ತಿಲ್ಲ ಅಣ್ಣ, ನೀವೇ ಎತ್ಕೊಳ್ಳಿ ಅಂದೆ.”

ಕ್ಯಾಂಟೀನು ನನಗೂ ನೆನಪಿದೆ, ಉಕ್ಕಿ ಚೆಲ್ಲಿದ ಕಾಫಿಯ ತಟ್ಟೆ ಸಹಿತ. ಆದರೆ ನನ್ನ ನೆನಪಿನಲ್ಲಿ ಫೋನು ಅವರ ಕೈಯಲ್ಲಿದೆ. ಹೆಂಡತಿಯನ್ನು ಕೇಳಿದರೆ, “ಆವತ್ತು ನೀವಿಬ್ರೂ ಕ್ಯಾಂಟೀನಲ್ಲಿ ಎಲ್ಲಿದ್ರಿ? ಬ್ಲಡ್ ಬ್ಯಾಂಕ್‌ಗೆ ಹೋಗಿದ್ರಿ,” ಎಂದಳು. ಮೂವರು ಸಾಕ್ಷಿಗಳು, ಮೂರು ಚಿತ್ರ. ಬೇರೆ ಯಾರ ವಿಷಯವಾದರೂ ಆಗಿದ್ದರೆ ಮೂರನ್ನೂ ಪಕ್ಕಕ್ಕಿಡುತ್ತಿದ್ದೆ. ಇಲ್ಲಿ ನನಗೆ ಅನುಮಾನ ಬಂದದ್ದು ನನ್ನ ಚಿತ್ರದ ಮೇಲೆಯೇ. ಆ ಕೈ ಮೊದಲಿನಿಂದಲೂ ಅವರದಾಗಿತ್ತೋ, ಆ ಭಾನುವಾರದ ಊಟದ ನಂತರ ಅವರದಾಯಿತೋ ನನಗೆ ತಿಳಿಯದು. ಹೊಟ್ಟೆಕಿಚ್ಚಿಗೆ ಹಳೆಯ ಚಿತ್ರದಲ್ಲಿ ಒಂದು ಕೈ ತಿದ್ದುವುದು ಕಷ್ಟದ ಕೆಲಸವಲ್ಲ.

ಯಾರೇ ಹಾಕಿರಲಿ, ತೆಗೆಯುವುದು ನನ್ನ ಕೈಯಲ್ಲಿತ್ತು. ತೆಗೆದೆ. ಅವರ ಜಾಗಕ್ಕೆ ವಾಯ್ಸ್‌ಮೇಲ್ ತಂದೆ. ನಮ್ಮ ಕಂಪನಿ ಪ್ರತಿಯೊಬ್ಬರಿಗೂ ಒಂದು ಆಫೀಸ್ ನಂಬರು ಕೊಟ್ಟಿದೆ, ಅದಕ್ಕೊಂದು ವಾಯ್ಸ್‌ಮೇಲ್ ಇದೆ. ಬಂದ ಮಾತುಗಳನ್ನು ಮೊಬೈಲಿನ ಆ್ಯಪಿನಲ್ಲಿ ಕೇಳಬಹುದು. ನನ್ನ ಕರೆಗಳನ್ನು ಅಲ್ಲಿಗೆ ತಿರುಗಿಸಿದೆ. ನನ್ನ ಫೋನು ಆಫ್ ಮಾಡಿ, ಹೆಂಡತಿಯ ಫೋನಿನಿಂದ ನನಗೇ ಮಾಡಿ ನೋಡಿದರೆ, ಈ ಬಳಕೆದಾರರು ಇನ್ನೂ ವಾಯ್ಸ್‌ಮೇಲ್ ಸಿದ್ಧಪಡಿಸಿಲ್ಲ ಎಂದು ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದಳು. ಸಿದ್ಧಪಡಿಸಲು ಹೋದರೆ ಪಿನ್ ಕೇಳಿತು. ಆಫೀಸಿನ ಐಟಿ ವಿಭಾಗಕ್ಕೆ ಫೋನ್ ಮಾಡಿದೆ.

“ರೀಸ್ಟಾರ್ಟ್ ಮಾಡಿ ನೋಡಿದ್ರಾ ಸಾರ್?” ಅಂದಳು ಅಲ್ಲಿಯ ಹುಡುಗಿ.

“ಪಿನ್ನೇ ಗೊತ್ತಿಲ್ಲ ಮೇಡಂ, ರೀಸ್ಟಾರ್ಟ್ ಮಾಡಿ ಏನು ಮಾಡ್ಲಿ?”

“ಬೇಜಾರಾಗ್ಬೇಡಿ ಸಾರ್. ನಾನ್ ಸೇರಿದ್ಮೇಲೆ ವಾಯ್ಸ್‌ಮೇಲ್ ಕೇಳಿದ ಮೊದಲ ಮನುಷ್ಯ ನೀವೇ. ನಾನೂ ನೋಡ್ಕೊಂಡೇ ಹೇಳ್ಬೇಕು.”

ಹೊಸ ಪಿನ್ ಬಂತು. ಆಮೇಲೆ ಸ್ವಾಗತದ ಮಾತನ್ನು ರೆಕಾರ್ಡ್ ಮಾಡಬೇಕಿತ್ತು. “ನಮಸ್ಕಾರ. ನಾನು ಈಗ ಮಾತನಾಡುವ ಸ್ಥಿತಿಯಲ್ಲಿಲ್ಲ,” ಎಂದು ಆರಂಭಿಸಿದೆ.

“ಐಸಿಯೂನಲ್ಲಿ ಇರೋರ ಥರ ಇದೆ ರೀ,” ಎಂದು ಅಡುಗೆಮನೆಯಿಂದ ದನಿ ಬಂತು.

ಅದನ್ನು ಅಳಿಸಿ, “ದಯವಿಟ್ಟು ಬೀಪ್ ಶಬ್ದದ ನಂತರ ನಿಮ್ಮ ಸಂದೇಶವನ್ನು ತಿಳಿಸಿ” ಎಂಬುದನ್ನು ಸ್ಪಷ್ಟ ಉಚ್ಚಾರಣೆಯಲ್ಲಿ ಹೇಳಿದೆ. ಮರುದಿನ ಯಾವ ಸಂದೇಶವೂ ಬರಲಿಲ್ಲ. ಬಂದಿದ್ದವು, ಆದರೆ ಫೋನು ತಿಳಿಸಿರಲಿಲ್ಲ. ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಹಿನ್ನೆಲೆಯಲ್ಲಿ ಮಲಗಿಸಿಬಿಟ್ಟಿತ್ತು. ಅದನ್ನೂ ಸರಿಮಾಡಿದೆ. ಲಾಕರಿನ ಮುಂದೆ ನಿಂತು ಮೊದಲ ಸಲ ಆ್ಯಪು ತೆರೆದಾಗ ಪುಟ್ಟ ಕೆಂಪು ಚುಕ್ಕಿಗಳು ಸಾಲಾಗಿ ಕಂಡವು. ಷಡ್ಡಕರ ಶೆಡ್ಡಿನಿಂದ ಬಿಡಿಸಿಕೊಂಡು ತಂದ ನನ್ನ ಸ್ವಂತ ಕರೆಗಳು!

ಪೂರ್ತಿ ಮಾತಾಡಿದ್ದವನು ಒಬ್ಬನೇ, ಪರ್ಸನಲ್ ಲೋನ್ ಕೊಡುವವನು. ಅತ್ತೆ ಸಿಟ್ಟಾಗಿದ್ದರು. “ಅಲೋ? ಅಲೋ? ಅವ್ರ ಪಾಡಿಗೆ ಅವ್ರು ಮಾತಾಡ್ತಾನೇ ಅವ್ರೆ, ನಾನ್ ಕೇಳಿದ್ದಕ್ಕೆ ಉತ್ರ ಇಲ್ಲ. ಇಡು ಅತ್ಲಾಗೆ.” ಉಳಿದದ್ದೆಲ್ಲ ಮೌನ. ಒಂದರಲ್ಲಿ ಕುಕ್ಕರಿನ ಸೀಟಿ, ಒಂದರಲ್ಲಿ ಯಾರದೋ ಕೆಮ್ಮು. ಒಂದರಲ್ಲಿ ದೂರದ ಗಲಾಟೆ, ಪಾತ್ರೆಯ ಸದ್ದು, ಹತ್ತಿರದಲ್ಲಿ ಒಂದು ಉಸಿರು, ಆಮೇಲೆ ಕಟ್. ಅದು ಮಗಳ ನಂಬರು. ಆ ಉಸಿರನ್ನು ಮತ್ತೆ ಮತ್ತೆ ಕೇಳಿದೆ. ಅಳುವಿನ ಉಸಿರೋ ಮೆಟ್ಟಿಲು ಹತ್ತಿದ ಉಸಿರೋ ಗೊತ್ತಾಗಲಿಲ್ಲ. ಅಲೆಗಳನ್ನು ಅಳೆದು ಸಂಬಳ ತೆಗೆದುಕೊಳ್ಳುವವನಿಗೆ ಅಷ್ಟು ಗೊತ್ತಾಗಲಿಲ್ಲ.

ಕೂಡಲೇ ಫೋನ್ ಮಾಡಿದೆ. “ಏನಾಯ್ತು? ಯಾಕೆ ಏನೂ ಹೇಳ್ಲಿಲ್ಲ?”

“ಯಾರ ಹತ್ರ ಹೇಳ್ಲಪ್ಪಾ? ಮೆಷಿನ್ ಹತ್ರಾನಾ? ನಿನ್ ದನಿ ಬೇರೆ ವೈವಾ ತಗೊಳೋರ ಥರ ಇದೆ. ಅದನ್ನ ಕೇಳಿದ್ರೆ ನಂಗೆ ಆವತ್ತಿನ ಸೆಮಿನಾರೇ ಜ್ಞಾಪಕ ಬಂತು.”

“ಈಗ ಹೇಳು, ಏನು ವಿಷಯ?”

“ಏನಿಲ್ಲ ಬಿಡು. ಮುಂದಿನ್ ವಾರ ಇನ್ನೊಂದ್ ಸೆಮಿನಾರ್ ಇದೆ, ಭಯ ಆಗಿತ್ತು. ದೊಡ್ಡಪ್ಪಂಗೆ ಮಾಡ್ದೆ. ಸರಿ ಹೋಯ್ತು.”

“ದೊಡ್ಡಪ್ಪ ಏನಂದ್ರು?”

“ಮಾತು ನಿಂತೋದ್ರೆ ನೀರು ಕುಡಿ, ಬಾಟ್ಲು ಖಾಲಿ ಆಗೋವರ್ಗೂ ಯಾರೂ ನಿನ್ನ ಏನೂ ಕೇಳಕ್ಕಾಗಲ್ಲ ಅಂದ್ರು,” ಎಂದು ನಕ್ಕಳು.

ಅದು ನಗುವಂಥ ಮಾತೇ. ನನಗೆ ನಗು ಬರಲಿಲ್ಲ. ಆ ವಾರವೆಲ್ಲ ನೋಡಿದೆ. ವಾಯ್ಸ್‌ಮೇಲಿನಲ್ಲಿ ಅವಳ ಉಸಿರು ಕೂಡ ಬರಲಿಲ್ಲ. ಶನಿವಾರ ಅವಳು ಮನೆಗೆ ಬಂದಾಗ ಕೇಳಿದರೆ ಸರಳವಾಗಿ ಹೇಳಿದಳು, “ಹಗಲಲ್ಲಿ ಇನ್ಮೇಲೆ ಡೈರೆಕ್ಟಾಗಿ ದೊಡ್ಡಪ್ಪಂಗೇ ಮಾಡ್ತೀನಪ್ಪಾ. ನಿಂಗ್ಯಾಕೆ ತೊಂದ್ರೆ.”

ನಾನು ಏನು ಕಳೆದುಕೊಂಡೆನೆಂದು ಆಗ ಅರ್ಥವಾಯಿತು. ಮೊದಲು ಅವಳು ಒತ್ತುತ್ತಿದ್ದುದು ನನ್ನ ಹೆಸರನ್ನು. ಕರೆ ಅವರ ಶೆಡ್ಡಿಗೆ ಹೋಗಿ ಬೀಳುತ್ತಿತ್ತು ನಿಜ, ಆದರೆ ಅಳು ಬಂದ ಗಳಿಗೆಯಲ್ಲಿ ಅವಳ ಬೆರಳು ‘ಅಪ್ಪ’ ಎಂಬಲ್ಲಿಗೆ ಹೋಗುತ್ತಿತ್ತು. ಅದನ್ನೂ ನಾನೇ, ಅಷ್ಟು ಪ್ರಯಾಸಪಟ್ಟು, ಪಿನ್ ಬದಲಾಯಿಸಿ, ಬ್ಯಾಟರಿ ವ್ಯವಸ್ಥೆ ತಿದ್ದಿ, ಸ್ಪಷ್ಟ ಉಚ್ಚಾರಣೆಯಲ್ಲಿ, ಅವರಿಗೆ ಒಪ್ಪಿಸಿಬಿಟ್ಟಿದ್ದೆ.

ಸೋಮವಾರ ಬೆಳಿಗ್ಗೆ ಲಾಕರಿನ ಮುಂದೆ ನಿಂತು ನಕ್ಷತ್ರ, ನಕ್ಷತ್ರ, ಅರವತ್ತೆರಡು, ನಕ್ಷತ್ರ, ಷಡ್ಡಕರ ನಂಬರು, ಹ್ಯಾಶ್ ಒತ್ತಿದೆ. ಬೆರಳುಗಳು ಎಲ್ಲಿಯೂ ತಡವರಿಸಲಿಲ್ಲ. ಹಿಂದೆಯೂ, ಕಾಫಿ ಚೆಲ್ಲಿದ ಮೇಜಿನ ಮುಂದೆ, ನಾನೇ ಹೀಗೆ ಒತ್ತಿದ್ದೆನೇ? ಬೆರಳಿನ ಸಾಕ್ಷಿಯನ್ನು ನಾನು ಒಪ್ಪುವುದಿಲ್ಲ. ಆಫೀಸ್ ನಂಬರಿಗೆ ತಿರುಗಿಸಲು ಇದನ್ನೇ ಮೊನ್ನೆ ಒತ್ತಿದ್ದೆ, ರೂಢಿ ಆಗಿರಬಹುದು. ಮಗಳಿಗೊಂದು ಮೆಸೇಜು ಕಳಿಸಿದೆ: ಮೆಷಿನ್ ತೆಗೆದಿದ್ದೇನೆ, ಮೊದಲಿನ ಹಾಗೆ ನನಗೇ ಮಾಡು.

ಷಡ್ಡಕರಿಗೆ ಹೇಳಿದಾಗ ಅವರಿಗೆ ಆದ ಖುಷಿಯನ್ನು ಸಹಿಸುವುದು ಕಷ್ಟವಾಯಿತು. “ನಂಗೊತ್ತಿತ್ತು ಕಣಯ್ಯಾ. ನಿನ್ ಮೆಷಿನ್ ನನ್ ಮುಂದೆ ಏನ್ ನಿಲ್ತದೆ?”

ಎರಡು ಮೂರು ದಿನ ಏನೂ ಇಲ್ಲ. ಲಾಕರಿನಿಂದ ಫೋನ್ ತೆಗೆದಾಗಲೆಲ್ಲ, ಅವಳು ನೇರವಾಗಿ ಅವರಿಗೆ ಮಾಡಿ ಮುಗಿಸಿರಬಹುದೇ ಎಂದು ಲೆಕ್ಕ ಹಾಕುತ್ತಿದ್ದೆ. ಆಮೇಲೆ ಒಂದು ಸಂಜೆ ಉಕ್ಕಿನ ಬಾಗಿಲು ಎಳೆದುಕೊಂಡು ಹೊರಬಂದು ಫೋನ್ ಆನ್ ಮಾಡುವಷ್ಟರಲ್ಲಿ ಅದು ಹೊಡೆದುಕೊಂಡಿತು.

“ಏನಯ್ಯಾ ಸೈಂಟಿಸ್ಟು, ನಿನ್ ಮಗಳು ಫೋನ್ ಮಾಡಿದ್ಲು.”

“ನಿಮಗಾ, ನನಗಾ?”

“ನಿಂಗೇ ಕಣಯ್ಯಾ. ಅಪ್ಪಾ ಅಂದ್ಲು. ಅಪ್ಪ ಅಲ್ಲ, ದೊಡ್ಡಪ್ಪ ಅಂದೆ. ಸೆಮಿನಾರ್ ಚೆನ್ನಾಗಾಯ್ತಂತೆ. ನೀರ್ ಬಾಟ್ಲು ಇಟ್ಕೊಂಡಿದ್ದು ನನ್ ಐಡಿಯಾನೇ, ಅದು ಬುಡು...”

ಬಾಟಲಿನ ಬಗ್ಗೆ ಅವರು ಇನ್ನೂ ಬಹಳ ಹೊತ್ತು ಹೇಳಿದರು. ನಾನು ಲಾಕರಿಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಅವರ ಮಾತು ಮುಗಿದ ಮೇಲೆ ಕೇಳಿದೆ:

“ಅಪ್ಪಾ ಅಂತಲೇ ಅಂದ್ಲಾ, ಮೊದ್ಲು?”